ಶಾಂತಸಾಗರ ಬಿಸಿಯಾದ ವರ್ಷ ಹಟ್ಟಿ ಸೀಮೆಯ ಒಕ್ಕಲುತನ

ಮಳೆಯನ್ನೇ ನಂಬಿ ಒಕ್ಕಲುತನ ಮಾಡುವ ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ರೈತರಿಗೆ ಮಳೆ ನಕ್ಷತ್ರಗಳ ಲೆಕ್ಕ ಬಾಯಿಪಾಠವಾಗಿದೆ. ಮೃಗಶಿರಾ ಮಳೆಗೆ ಹೆಸರು, ಆರಿದ್ರಾ ಮಳೆಗೆ ಸಜ್ಜೆ-ತೊಗರಿ, ಉತ್ತರಾ-ಹಸ್ತಾ ಮಳೆಗೆ ಬಿಳಿಜೋಳ ಎಂಬ ಕ್ರಮ ತಲೆತಲಾಂತರದಿಂದ ನಡೆದು ಬಂದಿದೆ. ಈ ಲೆಕ್ಕವನ್ನು ಹಳೆಯದೆಂದು ತಳ್ಳಿಹಾಕುವಂತಿಲ್ಲ. ಸೂರ್ಯನು ಯಾವ ನಕ್ಷತ್ರದಲ್ಲಿ ಇದ್ದಾನೆ ಎಂಬುದರ ಮೇಲೆ ನಿಂತ ಪಂಚಾಂಗವಾದ್ದರಿಂದ, ಮಳೆಯನ್ನು ಯಾವ ಹದಿನೈದು ದಿನಗಳಲ್ಲಿ ನಿರೀಕ್ಷಿಸಬಹುದು ಎಂಬುದನ್ನು ಅದು ಸಾಕಷ್ಟು ಸರಿಯಾಗಿಯೇ ಹೇಳುತ್ತದೆ. ಆದರೆ ಪಂಚಾಂಗದ ಈ ದಿನಗಳು ಪ್ರತಿ ವರ್ಷವೂ ಒಂದೇ. ಈ ವರ್ಷದ ಮಳೆ ಹೋದ ವರ್ಷದಂತೆ ಇರುವುದೋ ಇಲ್ಲವೋ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಈ ಪ್ರಶ್ನೆಗೆ ಪೂರ್ತಿ ಅಲ್ಲದಿದ್ದರೂ ಒಂದಿಷ್ಟು ಸುಳಿವು ಸಿಗುವುದು ಸಮುದ್ರದಲ್ಲಿ. ಹಟ್ಟಿಯಿಂದ ಸಾವಿರಾರು ಮೈಲಿ ದೂರದ ಶಾಂತಸಾಗರದ ನೀರು ಕೆಲವು ವರ್ಷಗಳಿಗೊಮ್ಮೆ ವಾಡಿಕೆಗಿಂತ ಬಿಸಿಯಾಗುತ್ತದೆ, ಮತ್ತೆ ಕೆಲವು ವರ್ಷ ವಾಡಿಕೆಗಿಂತ ತಣ್ಣಗಾಗುತ್ತದೆ. ಬಿಸಿಯಾಗುವುದಕ್ಕೆ ‘ಎಲ್ ನಿನೊ’ ಎಂದೂ ತಣ್ಣಗಾಗುವುದಕ್ಕೆ ‘ಲಾ ನಿನಾ’ ಎಂದೂ ಹೆಸರು. ಏಪ್ರಿಲ್-ಮೇ ತಿಂಗಳಲ್ಲಿ ‘ಈ ವರ್ಷ ಎಲ್ ನಿನೊ, ಮಳೆ ಕಡಿಮೆ’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದ ಕೂಡಲೇ ಕೆಲವರು ಬೀಜ ಕೊಳ್ಳುವುದನ್ನೇ ನಿಲ್ಲಿಸುತ್ತಾರೆ. ಇನ್ನು ಕೆಲವರು, ಎಲ್ಲಿಯೋ ಇರುವ ಸಮುದ್ರಕ್ಕೂ ನಮ್ಮ ಹೊಲಕ್ಕೂ ಏನು ಸಂಬಂಧ ಎಂದು ನಕ್ಕು ಬಿಡುತ್ತಾರೆ. ಈ ಎರಡರಿಂದಲೂ ನಷ್ಟವಾದದ್ದುಂಟು. ಆದುದರಿಂದ ಈ ಸುದ್ದಿಯ ಹಿಂದಿನ ಸಂಗತಿಯನ್ನು ತಿಳಿದುಕೊಳ್ಳುವುದು ಅವಶ್ಯ.

ಕೆರೆಯ ಅಂತರಗಂಗೆ, ಗಣಿಯ ಕಾವು

ಆಷಾಢದ ಗಾಳಿ ಎಡೆಬಿಡದೆ ಬೀಸುವ ದಿನಗಳಲ್ಲಿ ಕೆರೆಯನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ನೀರಿನ ಮೇಲೆ ತೇಲುವ ಅಂತರಗಂಗೆ, ಕಸಕಡ್ಡಿಗಳೆಲ್ಲ ಗಾಳಿ ತಳ್ಳಿದ ಕಡೆಯ ದಂಡೆಗೆ ಹೋಗಿ ಒತ್ತಿಕೊಂಡಿರುತ್ತವೆ. ಎದುರು ದಂಡೆಯ ನೀರು ಬರಿದಾಗಿ ಕಾಣುತ್ತದೆ. ಶಾಂತಸಾಗರದಲ್ಲಿಯೂ ಇದೇ ನಡೆಯುತ್ತದೆ. ಭೂಮಧ್ಯರೇಖೆಯ ಗುಂಟ ಅಲ್ಲಿ ವರ್ಷವಿಡೀ ಪೂರ್ವದಿಂದ ಪಶ್ಚಿಮಕ್ಕೆ, ಅಂದರೆ ದಕ್ಷಿಣ ಅಮೆರಿಕಾದ ಕಡೆಯಿಂದ ಇಂಡೋನೇಷಿಯಾದ ಕಡೆಗೆ, ಗಾಳಿ ಬೀಸುತ್ತದೆ. ಹಾಯಿ ಹಡಗುಗಳ ಕಾಲದಲ್ಲಿ ವ್ಯಾಪಾರಿಗಳು ಇಂತಹ ಗಾಳಿಯನ್ನೇ ನಂಬಿ ಪಯಣಿಸುತ್ತಿದ್ದರು. ಇದಕ್ಕೆ ವಾಣಿಜ್ಯ ಮಾರುತ ಎಂಬ ಹೆಸರಿದೆ. ಈ ಗಾಳಿಯು ಬಿಸಿಲಿಗೆ ಕಾದ ಮೇಲುನೀರನ್ನು ಪಶ್ಚಿಮಕ್ಕೆ ತಳ್ಳುತ್ತಾ ಹೋಗುತ್ತದೆ. ತಳ್ಳಿದ ನೀರು ಅಲ್ಲಿ ಎಷ್ಟು ಕೂಡಿಕೊಳ್ಳುತ್ತದೆಯೆಂದರೆ, ಇಂಡೋನೇಷಿಯಾದ ಕಡೆ ಸಮುದ್ರದ ಮಟ್ಟವೇ ಪೆರು ದೇಶದ ಕಡೆಗಿಂತ ಸುಮಾರು ಅರ್ಧ ಮೀಟರ್ ಎತ್ತರವಿರುತ್ತದೆ. ಎರಡೂ ಕಡೆಯ ನೀರಿನ ಉಷ್ಣತೆಯಲ್ಲಿ ಸುಮಾರು 8 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ.

ಮೇಲುನೀರು ಸರಿದುಹೋದ ಪೆರು ದಂಡೆಯಲ್ಲಿ ಆ ಜಾಗವನ್ನು ತುಂಬಲು ಕೆಳಗಿನ ನೀರು ಮೇಲೆದ್ದು ಬರುತ್ತದೆ. ಹಟ್ಟಿಯ ಚಿನ್ನದ ಗಣಿಯೊಳಗೆ ಇಳಿದು ದುಡಿದವರಿಗೆ ಆಳಕ್ಕೆ ಹೋದಷ್ಟೂ ಕಾವು ಹೆಚ್ಚುವುದು ಅನುಭವದ ಮಾತು. ಸಮುದ್ರದಲ್ಲಿ ಇದು ತಿರುವುಮುರುವು. ಬಿಸಿಲಿನ ಕಾವು ಮೇಲಿನ ತೆಳು ಪದರದಲ್ಲಿಯೇ ನಿಂತುಬಿಡುತ್ತದೆ. ಕೆಳಗಿನದು ಬೆಳಕು ಕಾಣದ ತಣ್ಣೀರು. ಸತ್ತ ಜೀವಿಗಳೆಲ್ಲ ಕೊಳೆತು ಕೆಳಗಿಳಿದು ಸೇರುವುದರಿಂದ ಈ ತಣ್ಣೀರಿನಲ್ಲಿ ಸಾರಜನಕ, ರಂಜಕ ಮುಂತಾದ ಪೋಷಕಾಂಶಗಳು ತುಂಬಿಕೊಂಡಿರುತ್ತವೆ. ಕೆರೆಯ ಗೋಡನ್ನು ಹೊಲಕ್ಕೆ ಹೊಡೆದರೆ ಬೆಳೆ ಹೇಗೆ ಎದ್ದು ನಿಲ್ಲುವುದೋ, ತಳದ ಈ ನೀರು ಬಿಸಿಲಿರುವ ಮೇಲ್ಪದರಕ್ಕೆ ಬಂದಾಗ ಸಮುದ್ರದ ಸೂಕ್ಷ್ಮ ಸಸ್ಯಗಳು ಹಾಗೆಯೇ ಹುಲುಸಾಗಿ ಬೆಳೆಯುತ್ತವೆ. ಮೀನಿಗೆ ಇದೇ ಹುಲ್ಲುಗಾವಲು.

ಎರಡರಿಂದ ಏಳು ವರ್ಷಗಳಿಗೊಮ್ಮೆ ಈ ಏರ್ಪಾಡು ಸಡಿಲಾಗುತ್ತದೆ. ಗಾಳಿ ಸೋಲುತ್ತದೆ. ಪಶ್ಚಿಮದಲ್ಲಿ ಕೂಡಿಟ್ಟಂತಿದ್ದ ಬಿಸಿನೀರು ಪೂರ್ವಕ್ಕೆ ಹಿಂದಿರುಗಿ ಪೆರುವಿನವರೆಗೂ ಹರಡಿಕೊಳ್ಳುತ್ತದೆ. ತಣ್ಣೀರು ಮೇಲೇಳುವುದು ಕುಗ್ಗುತ್ತದೆ. ಇದೇ ಎಲ್ ನಿನೊ. ಸ್ಪೇನಿನ ಭಾಷೆಯಲ್ಲಿ ಈ ಮಾತಿಗೆ ಗಂಡುಮಗು ಎಂದರ್ಥ. ಬಿಸಿನೀರು ಕ್ರಿಸ್ತ ಜಯಂತಿಯ ಸುಮಾರಿಗೆ ದಂಡೆಗೆ ಬರುತ್ತಿದ್ದುದರಿಂದ ಪೆರುವಿನ ಮೀನುಗಾರರು ಬಾಲ ಯೇಸುವಿನ ಹೆಸರನ್ನೇ ಅದಕ್ಕೆ ಇಟ್ಟರು. ಹವಾಮಾನದ ಇಷ್ಟು ದೊಡ್ಡ ಸಂಗತಿಗೆ ಹೆಸರು ಸಿಕ್ಕಿದ್ದು ವಿಜ್ಞಾನಿಗಳಿಂದಲ್ಲ, ಬಲೆ ಬೀಸುವವರಿಂದ ಎಂಬುದು ನೆನಪಿಡತಕ್ಕ ವಿಷಯ. ಲಾ ನಿನಾ ಎಂದರೆ ಹೆಣ್ಣುಮಗು. ಆಗ ಗಾಳಿ ವಾಡಿಕೆಗಿಂತ ಜೋರಾಗಿ, ತಣ್ಣೀರು ಹೆಚ್ಚು ಮೇಲೇಳುತ್ತದೆ.

ಮಧ್ಯ ಶಾಂತಸಾಗರದ ಮೇಲುನೀರು ವಾಡಿಕೆಗಿಂತ ಅರ್ಧ ಡಿಗ್ರಿ ಹೆಚ್ಚು ಬಿಸಿಯಾಗಿ ಹಲವು ತಿಂಗಳು ಹಾಗೆಯೇ ನಿಂತರೆ ಅದನ್ನು ಎಲ್ ನಿನೊ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬಲವಾದ ವರ್ಷಗಳಲ್ಲಿ ಇದು 2 ಡಿಗ್ರಿಯನ್ನು ದಾಟುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ಕಾಣುವ ರಾಯಚೂರು ಜಿಲ್ಲೆಯವರಿಗೆ ಅರ್ಧ ಡಿಗ್ರಿ ಎಂದರೆ ನಗು ಬರಬಹುದು. ಆದರೆ ಬಿಸಿಯಾಗುವುದು ಒಂದು ಹಂಡೆಯ ನೀರಲ್ಲ. ಭಾರತದಂತಹ ಹಲವು ದೇಶಗಳು ಹಿಡಿಸುವಷ್ಟು ಅಗಲದ ಕಡಲು ಕಾದಾಗ ಅದರ ಮೇಲಿನ ಗಾಳಿಯ ದಾರಿಯೇ ಬದಲಾಗುತ್ತದೆ.

ಕಡಲಿನ ಬರಗಾಲ

ಬರವೆಂಬುದು ನೆಲಕ್ಕೆ ಮಾತ್ರ ಬರುವುದೆಂದು ತಿಳಿಯಬಾರದು. ಪೆರುವಿನ ದಂಡೆಯಲ್ಲಿ ಆಂಚೊವಿ ಎಂಬ ಸಣ್ಣ ಮೀನು ಹೇರಳ. 1970ರಲ್ಲಿ ಆ ದೇಶವೊಂದೇ 1 ಕೋಟಿ 20 ಲಕ್ಷ ಟನ್ನಿನಷ್ಟು ಆಂಚೊವಿ ಹಿಡಿಯಿತು. ಇದರಲ್ಲಿ ಬಹುಪಾಲನ್ನು ಒಣಗಿಸಿ ಪುಡಿ ಮಾಡಿ ಕೋಳಿ, ಹಂದಿಗಳ ಆಹಾರಕ್ಕಾಗಿ ಪರದೇಶಗಳಿಗೆ ಮಾರಲಾಗುತ್ತಿತ್ತು. 1972ರಲ್ಲಿ ಎಲ್ ನಿನೊ ಬಂದಿತು. ಮೇವಿಲ್ಲದೆ ಮೀನು ಮರಿ ಮಾಡಲಿಲ್ಲ. ಉಳಿದವು ದಂಡೆಯ ಹತ್ತಿರ ಇದ್ದ ತುಸು ತಣ್ಣೀರಿನಲ್ಲಿ ಒತ್ತೊತ್ತಾಗಿ ಸೇರಿ ಬಲೆಗೆ ಸುಲಭವಾಗಿ ಸಿಕ್ಕವು. ಮೊದಲೇ ಮಿತಿಮೀರಿ ಹಿಡಿದಿದ್ದರ ಮೇಲೆ ಇದೂ ಸೇರಿ, 1973ರ ಹೊತ್ತಿಗೆ ಇಳುವರಿ 20 ಲಕ್ಷ ಟನ್ನಿನ ಆಸುಪಾಸಿಗೆ ಕುಸಿಯಿತು. ಮೀನಿನ ಪುಡಿ ಇಲ್ಲವಾದಾಗ ಪಶು ಆಹಾರಕ್ಕೆ ಎಲ್ಲರೂ ಸೋಯಾ ಅವರೆಗೆ ಮುಗಿಬಿದ್ದರು. ಬೆಲೆ ಏರಿ, 1973ರ ಜೂನ್ ತಿಂಗಳಲ್ಲಿ ಅಮೆರಿಕಾ ದೇಶವು ಸೋಯಾ ರಫ್ತನ್ನೇ ಕೆಲಕಾಲ ತಡೆಹಿಡಿಯಬೇಕಾಯಿತು. ಎಣ್ಣೆಕಾಳು ಬೆಳೆಯುವವರು ಇದನ್ನು ಗಮನಿಸಬೇಕು. ಹಿಂಡಿಯ ಧಾರಣೆ ಕೆಲವೊಮ್ಮೆ ನಿರ್ಧಾರವಾಗುವುದು ಕಡಲಿನ ತಳದ ನೀರಿನಿಂದ.

ಆಂಚೊವಿಯನ್ನೇ ತಿಂದು ಬದುಕುವ ಹಕ್ಕಿಗಳದು ಇನ್ನೊಂದು ಕಥೆ. ಪೆರುವಿನ ಮಳೆ ಕಾಣದ ದ್ವೀಪಗಳಲ್ಲಿ ನೀರುಕಾಗೆ, ಹೆಜ್ಜಾರ್ಲೆ ಮುಂತಾದ ಹಕ್ಕಿಗಳ ಹಿಕ್ಕೆ ಶತಮಾನಗಳಿಂದ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಸಾರಜನಕ ತುಂಬಿದ ಈ ಗೊಬ್ಬರ ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಟ್ಟಲೆ ಯೂರೋಪಿಗೆ ಹೋಗುತ್ತಿತ್ತು. ಇಂದಿನ ರಾಸಾಯನಿಕ ಗೊಬ್ಬರಗಳು ಬರುವ ಮುನ್ನ ಜಗತ್ತಿನ ಮಾರುಕಟ್ಟೆಯಲ್ಲಿ ಹೆಸರಾಗಿದ್ದ ಗೊಬ್ಬರ ಇದೇ. ಎಲ್ ನಿನೊ ವರ್ಷಗಳಲ್ಲಿ ಮೀನು ಆಳಕ್ಕೋ ದೂರಕ್ಕೋ ಸರಿದು, ಈ ಹಕ್ಕಿಗಳು ಗೂಡಿನಲ್ಲಿ ಮರಿಗಳನ್ನು ಬಿಟ್ಟು ಹಾರಿಹೋಗುತ್ತವೆ, ಇಲ್ಲವೆ ಹಸಿದು ಸಾಯುತ್ತವೆ.

ನಮ್ಮ ಕರಾವಳಿಯಲ್ಲಿಯೂ ಮುಂಗಾರು ಗಾಳಿಯ ದಿನಗಳಲ್ಲಿ ತಳದ ನೀರು ಮೇಲೇಳುತ್ತದೆ. ಮಂಗಳೂರಿನ ಕಡೆ ಬೂತಾಯಿ ಎಂದು, ಕಾರವಾರದ ಕಡೆ ತಾರ್ಲಿ ಎಂದು ಕರೆಯುವ ಮೀನು ಈ ಮೇವನ್ನೇ ನಂಬಿದೆ. ಬೂತಾಯಿ ಅತಿಯಾಗಿ ಸಿಕ್ಕ ವರ್ಷಗಳಲ್ಲಿ ಅದನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದ ಕಾಲವೊಂದಿತ್ತು. ಇದೇ ಮೀನು ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದು, 2015ರಲ್ಲಿ 70 ಸಾವಿರ ಟನ್ನಿಗಿಂತ ಕೆಳಗಿಳಿಯಿತು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇದರ ಕಾರಣಗಳಲ್ಲಿ ಎಲ್ ನಿನೊವನ್ನು ಮುಖ್ಯವಾದದ್ದೆಂದು ಹೇಳಿದ್ದಾರೆ. ಮರಿ ಮೀನುಗಳನ್ನು ಬಾಚಿ ಹಿಡಿದದ್ದೂ ಕಾರಣವೇ. ಬಿತ್ತನೆ ಬೀಜವನ್ನೇ ಕುಟ್ಟಿ ತಿಂದ ಮನೆಯಲ್ಲಿ ಮಳೆಯೊಂದನ್ನೇ ದೂರಿ ಫಲವಿಲ್ಲ. ಲಕ್ಷದ್ವೀಪದ ಹವಳದ ದಿಬ್ಬಗಳು 1998ರಲ್ಲಿ, 2010ರಲ್ಲಿ, 2016ರಲ್ಲಿ ಬಿಸಿನೀರಿಗೆ ಬಣ್ಣಗೆಟ್ಟು ಬಿಳುಪಾದುದೂ ಎಲ್ ನಿನೊ ಬೆನ್ನಿಗೇ.

ಧಾತು-ಈಶ್ವರ ಬರದಿಂದ 2023ರವರೆಗೆ

ಇನ್ನು ನಮ್ಮ ಮಳೆಯ ವಿಷಯ. ಬಿಸಿನೀರು ಎಲ್ಲಿದೆಯೋ ಅಲ್ಲಿ ಗಾಳಿ ಕಾದು ಮೇಲೇರಿ ಮೋಡವಾಗುತ್ತದೆ. ಮೇಲೇರಿದ ಗಾಳಿ ಬೇರೆಲ್ಲಿಯೋ ಕೆಳಗಿಳಿಯಲೇಬೇಕು. ಇಳಿಯುವ ಕಡೆ ಮೋಡ ಕಟ್ಟುವುದಿಲ್ಲ. ವಾಡಿಕೆಯ ವರ್ಷದಲ್ಲಿ ಮೇಲೇರುವ ಜಾಗ ಇಂಡೋನೇಷಿಯಾದ ಸುತ್ತ. ಎಲ್ ನಿನೊ ವರ್ಷದಲ್ಲಿ ಬಿಸಿನೀರಿನ ಜೊತೆಗೆ ಈ ಜಾಗವೂ ಶಾಂತಸಾಗರದ ನಡುವಿಗೆ ಸರಿಯುತ್ತದೆ. ಆಗ ಒಣಗಾಳಿ ಕೆಳಗಿಳಿಯುವ ಸರದಿ ಇಂಡೋನೇಷಿಯಾ ಮತ್ತು ಭಾರತದ ಕಡೆಗೆ ಬರುತ್ತದೆ. ಮುಂಗಾರು ಪೂರ್ತಿ ನಿಲ್ಲುವುದಿಲ್ಲ. ಆದರೆ ಅದರ ಕಸುವು ಕುಗ್ಗುತ್ತದೆ, ಮಳೆಯ ನಡುವಿನ ಬಿಡುವು ಉದ್ದವಾಗುತ್ತದೆ.

ಅಜ್ಜಂದಿರ ಬಾಯಲ್ಲಿ ಉಳಿದಿರುವ ಧಾತು-ಈಶ್ವರ ಬರವನ್ನು ಈ ಬೆಳಕಿನಲ್ಲಿ ನೋಡಬೇಕು. ಧಾತು ಸಂವತ್ಸರದಲ್ಲಿ, ಅಂದರೆ 1876ರಲ್ಲಿ, ದಕ್ಷಿಣದಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವಾದರೂ ಚೇತರಿಸಿಕೊಳ್ಳಬಹುದೆಂದು ಕಾದವರಿಗೆ 1877ರಲ್ಲಿ ಎದುರಾದದ್ದು ಆ ಶತಮಾನದ ಅತಿ ಬಲವಾದ ಎಲ್ ನಿನೊಗಳಲ್ಲಿ ಒಂದು. ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳೊಡನೆ ಆಗ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಯೂ ನರಳಿತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಂತೆ 50 ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು.

ಇಂತಹ ಬರಗಳನ್ನು ಮುಂಚೆಯೇ ತಿಳಿಯುವ ಹವಣಿಕೆಯಿಂದಲೇ ಈ ಸಂಬಂಧ ಗೊತ್ತಾಯಿತು. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞರು ಜಗತ್ತಿನ ನಾನಾ ಕಡೆಯ ಗಾಳಿಯ ಒತ್ತಡದ ಅಂಕಿಗಳನ್ನು ಕೂಡಿಹಾಕಿ ನೋಡಿದರು. ಶಾಂತಸಾಗರದ ಪೂರ್ವದಲ್ಲಿ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವುದು, ಅಲ್ಲಿ ಇಳಿದಾಗ ಇಲ್ಲಿ ಏರುವುದು ಅವರ ಕಣ್ಣಿಗೆ ಬಿದ್ದಿತು. ಒಂದೇ ತಕ್ಕಡಿಯ ಎರಡು ತಟ್ಟೆ ಇದ್ದಂತೆ. ತಕ್ಕಡಿಯನ್ನು ಅಲುಗಿಸುವುದು ಸಮುದ್ರದ ಬಿಸಿನೀರು ಎಂಬುದನ್ನು ಬಿಯರ್ಕ್ನೆಸ್ ಎಂಬ ವಿಜ್ಞಾನಿ ಜೋಡಿಸಿ ತೋರಿಸಿದ್ದು 1969ರಷ್ಟು ಈಚೆಗೆ.

ಅಲ್ಲಿಂದ ಈಚಿನ ದಾಖಲೆ ಸ್ಪಷ್ಟವಾಗಿದೆ. ಪೆರುವಿನಲ್ಲಿ ಆಂಚೊವಿ ನಾಶವಾದ 1972ರಲ್ಲೇ ಭಾರತದ ಮುಂಗಾರು ಮಳೆ ವಾಡಿಕೆಯ ಶೇ. 76ಕ್ಕೆ ಇಳಿಯಿತು. ಕರ್ನಾಟಕ, ಮಹಾರಾಷ್ಟ್ರಗಳ ಆ ವರ್ಷದ ಬರವನ್ನು ಕಂಡವರು ಇನ್ನೂ ಇದ್ದಾರೆ. 1987ರಲ್ಲಿ ಶೇ. 81, 2002ರಲ್ಲಿ ಶೇ. 81, 2009ರಲ್ಲಿ ಶೇ. 78, 2015ರಲ್ಲಿ ಶೇ. 86. ಇವೆಲ್ಲವೂ ಎಲ್ ನಿನೊ ವರ್ಷಗಳು. 2023ರಲ್ಲಿ ದೇಶದ ಒಟ್ಟು ಮಳೆ ಶೇ. 94ರಷ್ಟಿದ್ದರೂ ಆಗಸ್ಟ್ ತಿಂಗಳು 1901ರಿಂದ ಈಚೆಗೆ ಕಂಡರಿಯದಷ್ಟು ಒಣಗಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅದೇ ವರ್ಷ ಪೆರು ಸರ್ಕಾರ ಆಂಚೊವಿಯ ಮೊದಲ ಹಂಗಾಮಿನ ಮೀನುಗಾರಿಕೆಯನ್ನು ರದ್ದುಪಡಿಸಿತ್ತು. 1972ರಂತೆಯೇ ಬೂಮಿಯ ಎರಡು ಬದಿಗಳಲ್ಲಿ ಒಕ್ಕಲಿಗನೂ ಬೆಸ್ತನೂ ಒಂದೇ ವರ್ಷ ಕೈಕಟ್ಟಿ ಕೂರುವಂತಾಯಿತು.

ಲೆಕ್ಕ ತಪ್ಪಿದ ವರ್ಷಗಳು

ಇಷ್ಟು ಓದಿ ಎಲ್ ನಿನೊ ಎಂದರೆ ಬರ ಎಂದು ತೀರ್ಮಾನಿಸುವುದು ಅವಸರವಾದೀತು. 1997ರ ಎಲ್ ನಿನೊ ಇಪ್ಪತ್ತನೆಯ ಶತಮಾನದಲ್ಲಿಯೇ ಅತಿ ಬಲವಾದವುಗಳಲ್ಲಿ ಒಂದು. ಆ ವರ್ಷ ದೇಶದ ಮುಂಗಾರು ಶೇ. 102! ಎಲ್ ನಿನೊ ವರ್ಷಗಳಲ್ಲಿ ಮಳೆ ಕೊರತೆಯಾದವು ಅರ್ಧಕ್ಕಿಂತ ಹೆಚ್ಚು ಎನ್ನಬಹುದೇ ಹೊರತು ಎಲ್ಲವೂ ಅಲ್ಲ.

ಇದಕ್ಕೆ ಒಂದು ಕಾರಣ ನಮ್ಮದೇ ಹಿಂದೂ ಮಹಾಸಾಗರ. ಅಲ್ಲಿಯೂ ಒಂದು ತೂಗಾಟವಿದೆ. ಕೆಲವು ವರ್ಷ ಆಫ್ರಿಕಾದ ಕಡೆಯ ನೀರು ಬಿಸಿಯಾಗಿ ಸುಮಾತ್ರಾದ ಕಡೆಯದು ತಣ್ಣಗಾಗುತ್ತದೆ. ಆಗ ನಮ್ಮ ಮುಂಗಾರಿಗೆ ಅನುಕೂಲ. ತಿರುಗಿದರೆ ಪ್ರತಿಕೂಲ. 1999ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟ ತಂಡದಲ್ಲಿ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಬಿ.ಎನ್. ಗೋಸ್ವಾಮಿಯವರೂ ಇದ್ದರು. ಹಿಂದೂ ಮಹಾಸಾಗರದ ದ್ವಿಧ್ರುವ ಎಂದು ಕನ್ನಡದಲ್ಲಿ ಬರೆಯುವುದು ಇದನ್ನೇ. 1997ರಲ್ಲಿ ಈ ತೂಗಾಟ ನಮ್ಮ ಕಡೆಗೆ ಇದ್ದುದರಿಂದ ಎಲ್ ನಿನೊದ ಪೆಟ್ಟು ತಪ್ಪಿತು. 2019ರಲ್ಲಿ ಮತ್ತೆ ಬಲವಾಗಿ ಅನುಕೂಲವಾಗಿ, ದೇಶದ ಮಳೆ ಶೇ. 110ಕ್ಕೆ ಏರಿತು, ಕೃಷ್ಣಾ ನದಿಗೆ ಆಗಸ್ಟಿನಲ್ಲಿ ಬಂದ ಮಹಾಪೂರವನ್ನು ಲಿಂಗಸುಗೂರು ತಾಲ್ಲೂಕಿನ ನದಿದಂಡೆಯವರು ಮರೆತಿರಲಾರರು. ಎರಡು ಎತ್ತು ಬೇರೆ ಬೇರೆ ಕಡೆ ಎಳೆದರೆ ಬಂಡಿ ಯಾವ ಕಡೆ ಹೋಗುವುದೆಂದು ಒಂದೇ ಎತ್ತನ್ನು ನೋಡಿ ಹೇಳಲಾಗದು.

2009ರ ಸಂಗತಿ ಇನ್ನೂ ವಿಚಿತ್ರ. ಜೂನ್‌ನಿಂದ ಮಳೆಯಿಲ್ಲದೆ ಸೊರಗಿದ್ದ ಎಲ್ ನಿನೊ ವರ್ಷವದು. ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಹಸ್ತಾ ಮಳೆ ಹುಚ್ಚೆದ್ದು ಸುರಿಯಿತು. ರಾಯಚೂರು, ಕೊಪ್ಪಳ, ಬಾಗಲಕೋಟೆ, ವಿಜಾಪುರ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ತುಂಗಭದ್ರೆ ಉಕ್ಕಿ ಮಂತ್ರಾಲಯ ನೀರಿನಲ್ಲಿ ಮುಳುಗಿತು. ನಾಲ್ಕು ತಿಂಗಳ ಸರಾಸರಿಯನ್ನು ಹೇಳುವ ಸಮುದ್ರ ನಾಲ್ಕು ದಿನಗಳ ಮಳೆಯನ್ನು ಹೇಳಲಾರದು.

ಹಾಗೆಂದು ಎಲ್ ನಿನೊ ವರ್ಷದಲ್ಲಿ ಹಿಂಗಾರಿ ಕೈಹಿಡಿಯುತ್ತದೆ ಎಂದು ನಂಬುವುದೂ ಬೇಡ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತ ಇಂತಹ ವರ್ಷಗಳಲ್ಲಿ ಬಲಗೊಳ್ಳುವ ಒಲವು ತಮಿಳುನಾಡಿನಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮ ಸೀಮೆ ಅದರ ಅಂಚಿನಲ್ಲಿದೆ. 2015ರ ಕೊನೆಯಲ್ಲಿ ಚೆನ್ನೈ ನಗರ ಮಳೆಗೆ ಮುಳುಗಿದಾಗ ಉತ್ತರ ಕರ್ನಾಟಕದ ಹಲವು ತಾಲ್ಲೂಕುಗಳಲ್ಲಿ ಹಿಂಗಾರಿ ಬರ ಘೋಷಿಸಬೇಕಾಗಿತ್ತು.

ಲಾ ನಿನಾ ವರ್ಷ ಸಾಮಾನ್ಯವಾಗಿ ಮಳೆಗೆ ಒಳ್ಳೆಯದು. 1988ರಲ್ಲಿ ಶೇ. 119, 2020ರಲ್ಲಿ ಶೇ. 109. ಆದರೆ ಅದೇ 2020ರ ಅಕ್ಟೋಬರ್ ನಡುವಿನ ವಾಯುಭಾರ ಕುಸಿತದ ಮಳೆಗೆ ಕಲ್ಯಾಣ ಕರ್ನಾಟಕದಲ್ಲಿ ಬಿಡಿಸಬೇಕಾದ ಹತ್ತಿ, ಹೂವಾಡುವ ತೊಗರಿ ಹಾಳಾದವು. ಒಳ್ಳೆಯ ವರ್ಷದ ಕಷ್ಟ ಬಸಿಗಾಲುವೆ ಇಲ್ಲದ ಎರೆ ಹೊಲದವರಿಗೆ ಗೊತ್ತು.

ಹಟ್ಟಿಯ ಹೊಲ ಬೇರೆ, ಸಿಂಧನೂರಿನ ಗದ್ದೆ ಬೇರೆ

ಈ ಮೂರು ತಾಲ್ಲೂಕುಗಳಿಗೆ ಒಂದೇ ಸಲಹೆ ಹೊಂದುವುದಿಲ್ಲ. ಹಟ್ಟಿಯ ಸುತ್ತಿನ ಒಣಬೇಸಾಯಕ್ಕೆ ಬೇಕಾದ ಮಳೆ ಆ ಹೊಲದ ಮೇಲೆಯೇ ಬೀಳಬೇಕು. ವರ್ಷಕ್ಕೆ ಸುಮಾರು 600 ಮಿ.ಮೀ. ಬೀಳುವ ಈ ಸೀಮೆಯಲ್ಲಿ ಅತಿ ಹೆಚ್ಚು ಮಳೆಯ ತಿಂಗಳು ಜುಲೈ ಅಲ್ಲ, ಸೆಪ್ಟೆಂಬರ್. ಎಲ್ ನಿನೊ ಹೆಚ್ಚಾಗಿ ಕಾಡುವುದು ಜುಲೈ-ಆಗಸ್ಟ್ ನಡುವಿನ ಬಿಡುವುಗಳಲ್ಲಿ. ಆದುದರಿಂದ ಅಂತಹ ವರ್ಷ ಕೈಯಲ್ಲಿದ್ದ ಹಣವನ್ನೆಲ್ಲ ಜೂನ್ ತಿಂಗಳ ಬಿತ್ತನೆಗೇ ಸುರಿಯದೆ, ಬೀಜ-ಗೊಬ್ಬರದ ಒಂದು ಪಾಲನ್ನು ಹಿಂಗಾರಿಗೆ ತೆಗೆದಿಡುವುದು ಜಾಣತನ. ಸಾಲ ಮಾಡಿ ಬಿತ್ತುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಎರಡನೆಯ ಸಲ ಬಿತ್ತಲು ಬೀಜವಿಲ್ಲದೆ ಹೊಲ ಬಿಟ್ಟವರೇ ಬರದಲ್ಲಿ ಹೆಚ್ಚು ಬೀಳುತ್ತಾರೆ.

ಎರೆ ಹೊಲದಲ್ಲಿ ಜುಲೈ ಮೊದಲ ವಾರದೊಳಗೆ ಹೆಸರು ಬಿತ್ತಲು ಹದ ಸಿಗದಿದ್ದರೆ ಅದರ ಆಸೆ ಬಿಟ್ಟು, ಹೊಲವನ್ನು ಹರಗಿ ಚೌಕುಮಡಿ ಮಾಡಿ, ಬಿದ್ದ ಮಳೆಯನ್ನೆಲ್ಲ ಬಿಳಿಜೋಳ, ಕಡಲೆಗಳಿಗೆ ಉಳಿಸಿಕೊಳ್ಳಬೇಕು. ಮಸಾರಿ ಹೊಲದಲ್ಲಿ ಎರಡು ಸಾಲು ಸಜ್ಜೆಗೆ ಒಂದು ಸಾಲು ತೊಗರಿ ಹಾಕುವ ಪದ್ಧತಿ ಇಂತಹ ವರ್ಷಕ್ಕೇ ಹೇಳಿಸಿದಂತಿದೆ. ಆಗಸ್ಟ್ ಬಿಡುವಿನಲ್ಲಿ ಸಜ್ಜೆ ಸೊರಗಿದರೂ, ಬೇರು ಆಳಕ್ಕೆ ಬಿಟ್ಟ ತೊಗರಿ ಹುಬ್ಬಾ-ಉತ್ತರಾ ಮಳೆಗೆ ಮತ್ತೆ ಚಿಗುರುತ್ತದೆ. ತೊಗರಿಯಲ್ಲಿಯೂ ಟಿ.ಎಸ್.-3ಆರ್‌ನಂತಹ ಬೇಗ ಬರುವ ತಳಿ ವಾಸಿ. ಬಿಳಿಜೋಳದ ಬೀಜವನ್ನು ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ದ್ರಾವಣದಲ್ಲಿ 8 ತಾಸು ನೆನೆಸಿ, ನೆರಳಿನಲ್ಲಿ ಒಣಗಿಸಿ ಬಿತ್ತಿದರೆ ಸಸಿಗೆ ಒಣಹವೆ ತಡೆಯುವ ಶಕ್ತಿ ಬರುತ್ತದೆ. ಖರ್ಚು ಅಲ್ಪ, ಆದರೂ ಮಾಡುವವರು ಕಡಿಮೆ.

ಮುಂಗಾರಿಯ ನಡುವಿನ ಬಿಡುವನ್ನು ತಪ್ಪಿಸುವಂತೆ ಬಿತ್ತನೆಯ ಕಾಲವನ್ನೇ ಆರಿಸಿಕೊಳ್ಳಬಹುದೆಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಅವರ ಸಂಗಡಿಗರು ಪಾವಗಡ-ಅನಂತಪುರ ಸೀಮೆಯ ಶೇಂಗಾ ಬೆಳೆಯಲ್ಲಿ ಹಳೆಯ ಮಳೆ ಲೆಕ್ಕಗಳನ್ನು ಹಿಡಿದು ಅಭ್ಯಾಸ ಮಾಡಿದ್ದರು. ರೈತರೊಡನೆ ಕುಳಿತು ಪ್ರಶ್ನೆ ಕೇಳಿ ಆರಂಭಿಸಿದ ಕೆಲಸವದು. ಹವಾಮಾನ ವಿಜ್ಞಾನ ಹೊಲಕ್ಕೆ ಇಳಿಯಬೇಕಾದ ರೀತಿಯೂ ಅದೇ.

ಸಿಂಧನೂರಿನ ಕಾಲುವೆ ಗದ್ದೆಯ ಮಾತು ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ರೈತನಿಗೆ ಸಿಂಧನೂರಿನಲ್ಲಿ ಬೀಳುವ ಮಳೆಗಿಂತ ಶೃಂಗೇರಿ, ತೀರ್ಥಹಳ್ಳಿ ಕಡೆಯ ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೀಳುವ ಮಳೆ ಮುಖ್ಯ. ಎಲ್ ನಿನೊದ ಪೆಟ್ಟು ಬೀಳುವುದು ಈ ತಿಂಗಳುಗಳಿಗೇ. ಜೊತೆಗೆ ಜಲಾಶಯವೂ ಹಳೆಯ ಜಲಾಶಯವಲ್ಲ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದುದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ತುಂಬಿದ ವರ್ಷದಲ್ಲಿಯೇ ಕೊನೆ ಭಾಗಕ್ಕೆ ನೀರು ತಲುಪುವುದು ಪ್ರಯಾಸ. 2023ರಲ್ಲಿ ಜಲಾಶಯ ತುಂಬಲಿಲ್ಲ. ಎರಡನೆಯ ಬೆಳೆ ಭತ್ತಕ್ಕೆ ನೀರು ಸಿಗಲಿಲ್ಲ. ಇಡೀ ವರ್ಷದ ಲಾವಣಿ ಹಣವನ್ನು ಮುಂಗಡ ಕೊಟ್ಟವರಿಗೆ ಒಂದೇ ಪೀಕು ಕೈಗೆ ಬಂದಿತು. (2024ರ ಆಗಸ್ಟ್ 10ರಂದು 19ನೆಯ ಗೇಟು ಕೊಚ್ಚಿಹೋಗಿ ನೀರು ಪಾಲಾದದ್ದಕ್ಕೆ ಮಾತ್ರ ಸಮುದ್ರ ಹೊಣೆಯಲ್ಲ.)

ಆದುದರಿಂದ ಕಾಲುವೆ ಪ್ರದೇಶದವರು ಎಲ್ ನಿನೊ ಸುದ್ದಿ ಇದ್ದ ವರ್ಷ ಲಾವಣಿಯ ಕರಾರನ್ನು ಎರಡನೆಯ ಬೆಳೆಗೆ ಬೇರೆಯಾಗಿ ಮಾಡಿಕೊಳ್ಳುವುದು ಮೇಲು. ಮೊದಲ ಬೆಳೆಯನ್ನು ಸಸಿಮಡಿ ಹಾಕಿ ಕಾಯುವ ಬದಲು ಕೂರಿಗೆಯಿಂದ ನೇರವಾಗಿ ಬಿತ್ತಿದರೆ ನೀರೂ ಉಳಿಯುತ್ತದೆ, ಕಾಲುವೆಗೆ ನೀರು ತಡವಾದರೂ ಬೆಳೆ ಹಿಂದೆ ಬೀಳುವುದಿಲ್ಲ. ನೀರಾವರಿ ಸಲಹಾ ಸಮಿತಿಯ ತೀರ್ಮಾನ ಹೊರಬೀಳುವ ಮುನ್ನ ಎರಡನೆಯ ಭತ್ತಕ್ಕೆ ಸಸಿಮಡಿ ಹಾಕುವುದು ಜೂಜಾಟ. ಭತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲಿ ಕಡಲೆ ಬರುತ್ತದೆ. ಭತ್ತದ ಲಾಭ ಅದರಲ್ಲಿಲ್ಲವೆಂಬುದು ನಿಜವಾದರೂ ಬೀಳು ಬಿಟ್ಟ ಗದ್ದೆಗಿಂತ ಹೆಚ್ಚೇ. ನಾರಾಯಣಪುರ ಬಲದಂಡೆ ಕಾಲುವೆಯವರು ಇದೇ ರೀತಿ ಮಹಾರಾಷ್ಟ್ರದ ಘಟ್ಟಗಳ ಮಳೆಯ ಮೇಲೆ ಕಣ್ಣಿಡಬೇಕು.

ಮುನ್ಸೂಚನೆಯನ್ನು ಯಾವಾಗ ನಂಬಬೇಕು?

ಎಲ್ ನಿನೊ ಸಾಮಾನ್ಯವಾಗಿ ಬೇಸಿಗೆಯಲ್ಲಿ ತಲೆ ಎತ್ತಿ, ಡಿಸೆಂಬರ್ ಸುಮಾರಿಗೆ ಬಲಿತು, ಮರುವರ್ಷದ ಬೇಸಿಗೆಗೆ ಇಳಿಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಸಮುದ್ರದ ಸ್ಥಿತಿ ಇನ್ನೂ ಹೊಯ್ದಾಡುತ್ತಿರುವುದರಿಂದ ಆಗಿನ ಮುನ್ಸೂಚನೆಗೆ ಗಟ್ಟಿತನ ಕಡಿಮೆ. 2014ರ ಆರಂಭದಲ್ಲಿ ದೊಡ್ಡ ಎಲ್ ನಿನೊ ಬರುವುದೆಂದು ಜಗತ್ತಿನಲ್ಲೆಲ್ಲ ಸುದ್ದಿಯಾಗಿ, ಅದು ನಿಜವಾಗಿ ಬಲಿತದ್ದು 2015ರಲ್ಲಿ. ಜುಲೈ ಹೊತ್ತಿಗೆ ಚಿತ್ರ ಬಹುಮಟ್ಟಿಗೆ ನಿಂತಿರುತ್ತದೆ.

ಭಾರತ ಹವಾಮಾನ ಇಲಾಖೆಯು ಮುಂಗಾರಿನ ಮೊದಲ ಮುನ್ಸೂಚನೆಯನ್ನು ಏಪ್ರಿಲ್ ನಡುವಿನಲ್ಲಿಯೂ ತಿದ್ದಿದ ಮುನ್ಸೂಚನೆಯನ್ನು ಮೇ ಕೊನೆಯಲ್ಲಿಯೂ ಹೊರಡಿಸುತ್ತದೆ. ಆಗಸ್ಟ್-ಸೆಪ್ಟೆಂಬರ್ ತಿಂಗಳುಗಳ ಮುನ್ಸೂಚನೆ ಜುಲೈ ಕೊನೆಗೆ ಬರುತ್ತದೆ. ಇವುಗಳಲ್ಲಿ ದೇಶದ ಸರಾಸರಿಗಿಂತ ದಕ್ಷಿಣ ಪರ್ಯಾಯ ದ್ವೀಪದ ಭಾಗವನ್ನು, ಮತ್ತು ನಕ್ಷೆಯಿದ್ದರೆ ಉತ್ತರ ಒಳನಾಡನ್ನು ನೋಡಬೇಕು. ದಿನದಿನದ ಮಳೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಮಾಹಿತಿ ಇದೆ. ವಾರದ ಬೇಸಾಯ ಸಲಹೆಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಹವಾಮಾನ ವಿಭಾಗವಿದೆ. ವಿಸ್ತರಣಾ ಕಾರ್ಯಕರ್ತರು ಏಪ್ರಿಲ್ ಸುದ್ದಿಯನ್ನು ಹಳ್ಳಿಗೆ ಹೊತ್ತು ತಂದು ಅಲ್ಲಿಗೇ ಬಿಡುತ್ತಾರೆ. ಜುಲೈ ಕೊನೆಯ ಪ್ರಕಟಣೆಯನ್ನು ತರುವವರು ವಿರಳ. ಅದು ಬರುವ ಹೊತ್ತಿಗೆ ಹೆಸರು ಬಿತ್ತನೆಯ ಕಾಲ ಮುಗಿದಿರುತ್ತದೆ, ತೊಗರಿಯದು ಮುಗಿಯುತ್ತ ಬಂದಿರುತ್ತದೆ. ಆದರೆ ಹಿಂಗಾರಿಯ ಬೀಜ ಹೊಂದಿಸಿಕೊಳ್ಳಲು, ಚೌಕುಮಡಿ ಕಟ್ಟಲು, ಎರಡನೆಯ ಬೆಳೆಯ ಲಾವಣಿ ಮಾತಾಡಲು ಆಗ ಇನ್ನೂ ಒಂದೂವರೆ ತಿಂಗಳು ಉಳಿದಿರುತ್ತದೆ.